ಅಂಗಳದ ಜನರೇಟರ್ ಕಳ್ಳರ ಪಾಲಾಗದಿರಲು: ಬುಡದಿಂದ ಬೀಗದವರೆಗೆ

ಮೂರು ಮಳೆಗಾಲದ ಹಿಂದಿನ ಮಾತು. ಬೆಳಿಗ್ಗೆ ಹಾಲು ಕರೆಯಲು ಎದ್ದು ಕೊಟ್ಟಿಗೆಯ ಮಗ್ಗುಲಿಗೆ ಹೋದೆ. ಸರಪಳಿ ಇದೆ. ಬೀಗ ಇದೆ. ಸರಪಳಿಗೆ ಸಿಕ್ಕಿಕೊಂಡ ಒಂದು ಬಾಗಿದ ಕಬ್ಬಿಣದ ಪೈಪೂ ಇದೆ. ಜನರೇಟರ್ ಇಲ್ಲ.

ಬಂದವರು ಬೀಗ ಮುಟ್ಟಿಯೇ ಇರಲಿಲ್ಲ. ನಾನು ಸರಪಳಿ ಸುತ್ತಿದ್ದು ಜನರೇಟರಿನ ಮೇಲಿನ ಹಿಡಿಕೆಗೆ. ಆ ಹಿಡಿಕೆ ನಿಂತಿದ್ದು ನಾಲ್ಕು ನಟ್ಟಿನ ಮೇಲೆ. 12–13ರ ಒಂದು ಸ್ಪ್ಯಾನರ್ ಇದ್ದರೆ ಐದು ನಿಮಿಷದ ಕೆಲಸ. ಬಿಚ್ಚಿದ ನಟ್ಟುಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟು ಹೋಗಿದ್ದರು. ಅದೊಂದು ನೆನಪಾದರೆ ಈಗಲೂ ಸಿಟ್ಟು ಬರುತ್ತದೆ.

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ, ಕರ್ನಾಟಕದ ಗಡಿ ದೂರವಿಲ್ಲ. ಮಳೆಗಾಲದಲ್ಲಿ ಒಂದು ತೆಂಗಿನ ಮಡಲು ಲೈನಿನ ಮೇಲೆ ಬಿದ್ದರೂ ಕರೆಂಟು ಹೋಗುತ್ತದೆ, ಗಾಳಿ ಜೋರಿದ್ದರೆ ಎರಡು ದಿನ ಬರುವುದೂ ಇಲ್ಲ. ಹಾಗಾಗಿ ಎರಡು–ಮೂರು ಕೆವಿಎ ಪೆಟ್ರೋಲ್ ಜನರೇಟರ್ ಈ ಕಡೆ ಬಹಳ ಮನೆಗಳಲ್ಲಿದೆ. ಹೊಸದು ತಂದ ಮೇಲೆ ನಾನು ಮಾಡಿಕೊಂಡ ವ್ಯವಸ್ಥೆಯನ್ನು ಇಲ್ಲಿ ಬರೆದಿದ್ದೇನೆ. ನಾನು ಕಲಿತದ್ದರಲ್ಲಿ ಮುಖ್ಯವಾದದ್ದು ಇಷ್ಟೇ: ಬೀಗಕ್ಕೆ ದುಡ್ಡು ಸುರಿಯುವ ಮೊದಲು ಸರಪಳಿಯ ಎರಡು ತುದಿಯಲ್ಲಿ ಏನಿದೆ ಎಂದು ನೋಡಿ. ಒಂದು ತುದಿಯಲ್ಲಿ ನೆಲ, ಇನ್ನೊಂದು ತುದಿಯಲ್ಲಿ ಜನರೇಟರಿನ ಮೈ. ಕಳ್ಳ ನೋಡುವುದೂ ಅಲ್ಲಿಗೇ.

ಒಳಗೆ ಇಟ್ಟುಬಿಟ್ಟರೆ ಆಗದಾ?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಓಡುವಾಗ ಒಳಗೆ ಇಡಲೇಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ಮಲಗಿದವರು ಮಲಗಿದಲ್ಲೇ ಸಾಯುತ್ತಾರೆ. ಜಗಲಿ, ಕಾರು ನಿಲ್ಲಿಸುವ ಶೆಡ್ಡು, ಕಿಟಕಿ ತೆರೆದ ಕೋಣೆ, ಯಾವುದೂ ಬೇಡ. ಮನೆಯ ಬಾಗಿಲು ಕಿಟಕಿಗಳಿಂದ ಕಡಿಮೆಯೆಂದರೆ 20 ಅಡಿ ದೂರ ಇರಬೇಕು, ಹೊಗೆ ಕೊಳವೆ ಮನೆಗೆ ಬೆನ್ನು ಹಾಕಿರಬೇಕು. ಕೊಟ್ಟಿಗೆಯಲ್ಲಿ ದನ ಇದ್ದರೆ ಅದಕ್ಕೂ ಇದೇ ಲೆಕ್ಕ.

ಓಡದಿರುವಾಗ ಒಳಗೆ ತರಬಹುದು. 20–25 ಕಿಲೋದ ಚಿಕ್ಕ ಇನ್ವರ್ಟರ್ ಮಾದರಿಯಾದರೆ ಹೊತ್ತು ತಂದು ಬೇರೆ ಶೆಡ್ಡಿನಲ್ಲಿ ಬೀಗ ಹಾಕಿ ಇಡಿ, ಈ ಲೇಖನದ ಅರ್ಧ ನಿಮಗೆ ಬೇಡ. ಆದರೆ 40–50 ಕಿಲೋದ್ದನ್ನು, ಅದೂ ಮಳೆಯಲ್ಲಿ, ದಿನಕ್ಕೆರಡು ಸಲ ಯಾರು ಹೊರುತ್ತಾರೆ? ಮೊದಲ ವಾರ ಹೊರುತ್ತೇವೆ. ಆಮೇಲೆ ಅದು ಹೊರಗೇ ಉಳಿಯುತ್ತದೆ.

ಬರುವ ಕಳ್ಳ ಯಾರು?

ಎರಡು ತರದವರು. ಒಬ್ಬನಿಗೆ ಇಡೀ ಜನರೇಟರ್ ಬೇಕು, ಮಾರಲಿಕ್ಕೆ. ಇನ್ನೊಬ್ಬನಿಗೆ ಒಳಗಿನ ತಾಮ್ರದ ತಂತಿ ಮಾತ್ರ ಬೇಕು, ಗುಜರಿಗೆ ಹಾಕಲಿಕ್ಕೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಕಿಸೆಯಲ್ಲಿ ಇಟ್ಟುಕೊಂಡರೆ ಕಳ್ಳ ಸ್ಟಾರ್ಟ್ ಮಾಡಲಾರ ಎಂದು ಕೆಲವರು ಹೇಳುತ್ತಾರೆ. ಗುಜರಿಯವನಿಗೆ ಸ್ಟಾರ್ಟ್ ಆಗುವುದೇ ಬೇಕಿಲ್ಲ ಅಲ್ವಾ? ಇನ್ನೊಬ್ಬ ಪೇಟೆಯಲ್ಲಿ ಹೊಸ ಪ್ಲಗ್ ತೆಗೆದುಕೊಳ್ಳುತ್ತಾನೆ. ನಿಮ್ಮ ಸಿಲಿಂಡರಿಗೆ ಧೂಳು ಬಿದ್ದದ್ದೇ ಲಾಭ.

ಇಬ್ಬರಿಗೂ ಬೇಡದ್ದು ಮೂರು: ಹೊತ್ತು, ಸದ್ದು, ಹೊರುವ ಕಷ್ಟ. ಮುಂದೆ ಹೇಳುವುದೆಲ್ಲ ಈ ಮೂರನ್ನು ಜಾಸ್ತಿ ಮಾಡುವ ಕೆಲಸ.

ಜಾಗ ಆರಿಸುವುದು

ರಸ್ತೆಯಿಂದ ಕಾಣಬಾರದು, ನೀವು ಮಲಗುವ ಕೋಣೆಯಿಂದ ಕಾಣಬೇಕು. ನಮ್ಮ ಕಡೆ ಮನೆಗಳು ಗುಡ್ಡೆಯ ಇಳಿಜಾರಿನಲ್ಲಿ ಇರುವುದರಿಂದ ಇದು ಕಷ್ಟವೇನಲ್ಲ. ಜೀಪು ಬಂದು ನಿಲ್ಲುವ ಕಡೆಯಿಂದ ಆದಷ್ಟು ದೂರ ಇಡಿ. ಹೊರುವವನು ನಾಲ್ಕು ಮೆಟ್ಟಿಲು ಹತ್ತಬೇಕು ಅಥವಾ ತೋಟದ ಒಂದು ಕಣಿ (ನೀರು ಹರಿಯುವ ಕಾಲುವೆ) ದಾಟಬೇಕು ಎಂದಾದರೆ ಒಳ್ಳೆಯದೇ. ಗಾಲಿ ಇರುವ ಮಾದರಿಯಾದರೆ ಗಾಲಿ ಬಿಚ್ಚಿ ಒಳಗಿಡಿ. ಗಾಲಿ ನಿಮಗಿಂತ ಕಳ್ಳನಿಗೆ ಹೆಚ್ಚು ಉಪಕಾರಿ.

ಗೋಡೆಗೆ ತಾಗಿಸಿ ಇಡಬೇಡಿ. ಗಾಳಿಯಿಂದ ತಣ್ಣಗಾಗುವ ಇಂಜಿನ್ ಇದು, ಸುತ್ತ ಮೂರಡಿ ಖಾಲಿ ಬೇಕು. ಮನೆಗೆ ವಯರ್ ಎಳೆಯುವಾಗ ಚೇಂಜ್‌ಓವರ್ ಸ್ವಿಚ್ ಹಾಕಿಸಿ, ಲೈನು ಮತ್ತು ಜನರೇಟರ್ ಎರಡರಲ್ಲಿ ಒಂದರ ಕರೆಂಟನ್ನು ಮಾತ್ರ ಮನೆಗೆ ಬಿಡುವ ಸ್ವಿಚ್ಚು ಅದು. ಪ್ಲಗ್ ಪಾಯಿಂಟಿಗೆ ಉಲ್ಟಾ ಕರೆಂಟು ಕೊಡುವ ಕೆಲಸ ಬೇಡವೇ ಬೇಡ, ಕಂಬದ ಮೇಲಿರುವ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಲೈನ್‌ಮನ್ ಜೀವ ಹೋಗುತ್ತದೆ.

ಬುಡ ಹಾಕುವುದು

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಸೋಲುವುದು ಇಲ್ಲೇ.

ಯಾವುದಕ್ಕೆ ಕಟ್ಟಬಾರದು ಎಂಬುದು ಮೊದಲು. ಅಡಿಕೆ ಮರಕ್ಕೆ ಬೇಡ. ಕತ್ತಿಯ ನಾಲ್ಕೇಟಿಗೆ ಮರ ಮಲಗುತ್ತದೆ. ಜನರೇಟರೂ ಹೋಯಿತು, ಐದಾರು ವರ್ಷ ಸಾಕಿ ಫಲ ಬಂದ ಮರವೂ ಹೋಯಿತು. ಕಿಟಕಿಯ ಸರಳಿಗೆ ಬೇಡ. ಸರಳು ಬಗ್ಗಿಸಿದರೆ ಮನೆಯೊಳಗೆ ದಾರಿ ನೀವೇ ಮಾಡಿಕೊಟ್ಟ ಹಾಗೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಗೆ ತೂತು ಕೊರೆದು ಬೋಲ್ಟ್ ಬಿಗಿಯುವುದೂ ಬೇಡ. ನಮ್ಮ ಮುರಕಲ್ಲಿನಲ್ಲಿ ಗೂಡುಗಳೇ ಜಾಸ್ತಿ. ಮೊದಲ ದಿನ ಬಿಗಿ ಕಂಡರೂ ಒಂದು ಮಳೆಗಾಲ ಕಳೆದು ಹಾರೆ ಹಾಕಿ ಎಬ್ಬಿದರೆ ಪುಡಿ ಸಮೇತ ಕೈಗೆ ಬರುತ್ತದೆ.

ಕಾಂಕ್ರೀಟಿನ ಬುಡವೇ ಸರಿ. ಮೂರಡಿ ಉದ್ದ, ಎರಡಡಿ ಅಗಲ, ಒಂದಡಿ ದಪ್ಪ. ಎಂಟಿಂಚು ನೆಲದೊಳಗೆ, ನಾಲ್ಕಿಂಚು ಮೇಲೆ. ಮೇಲಿನ ನಾಲ್ಕಿಂಚು ಮಳೆನೀರು ಹರಿದಾಗ ಜನರೇಟರಿನ ಕಾಲು ನೆನೆಯದಿರಲು. ಹೊಂಡ ತೋಡುವಾಗ ಬುಡದಲ್ಲಿ ಚೂರು ಅಗಲ ಮಾಡಿ, ಆಗ ಮೇಲಕ್ಕೆ ಕಿತ್ತು ಬರುವುದಿಲ್ಲ. ಒಂದು ಪಾಲು ಸಿಮೆಂಟು, ಎರಡು ಪಾಲು ಎಂ ಸ್ಯಾಂಡ್, ನಾಲ್ಕು ಪಾಲು ಜಲ್ಲಿ. ಒಂದು ಚೀಲಕ್ಕಿಂತ ಸ್ವಲ್ಪ ಜಾಸ್ತಿ ಸಿಮೆಂಟು ಬೇಕಾಗುತ್ತದೆ. ಗಟ್ಟಿಯಾದ ಮೇಲೆ ಅದರ ತೂಕ ಸುಮಾರು 400 ಕಿಲೋ. ಅದನ್ನು ಹೊತ್ತುಕೊಂಡು ಹೋಗುವವ ಬಂದರೆ ಹೋಗಲಿ ಬಿಡಿ.

ಕೊಕ್ಕೆಗೆ 16 ಎಂಎಂ ಸರಳು. ಕಾಲುಗಳು ಒಂಬತ್ತಿಂಚು ಕೆಳಗೆ ಹೋಗಿ, ತುದಿಯಲ್ಲಿ ಹೊರಗೆ ಮಡಚಿರಬೇಕು. ಮಡಚಿದ ತುದಿಗಳ ಮೇಲೆ ಅಡ್ಡಕ್ಕೆ ಇನ್ನೊಂದು ಸರಳು ಕಟ್ಟಿ. ನೇರ ಕಾಲನ್ನು ಹಾಗೇ ಹೂತರೆ ಎಳೆದಾಗ ಜಾರೀತು.

ನನ್ನ ಕೊಕ್ಕೆ ಮಾಡಿದ ವೆಲ್ಡರ್ ಒಂದು ಉಪಾಯ ತೋರಿಸಿದರು. "ಮಾರಾಯ್ರೇ, ಸರಳನ್ನು ಯು ಆಕಾರಕ್ಕೆ ಬಗ್ಗಿಸುವುದು ಬೇಡ, ಚೌಕ ಮಾಡುವ" ಎಂದು ಮೇಲ್ಭಾಗ ಮೂರಿಂಚು ನೇರವಾಗಿ ಬಿಟ್ಟರು. ಬಗ್ಗಿಸುವ ಮೊದಲೇ ಆ ಭಾಗಕ್ಕೆ ಒಂದು ತುಂಡು ಜಿಐ ಪೈಪು ತೂರಿಸಿದರು, ಸಡಿಲವಾಗಿ. ಆಮೇಲೆ ಗರಗಸ ಕೈಗೆ ಕೊಟ್ಟು "ಕೊಯ್ಯಿರಿ ನೋಡುವ" ಎಂದರು. ಗರಗಸ ಇಟ್ಟು ಎಳೆದರೆ ಪೈಪು ಗಿರ್ರನೆ ತಿರುಗುತ್ತದೆ. ಹಲ್ಲು ಕಚ್ಚುವುದೇ ಇಲ್ಲ.

ಇನ್ನು ಬದಿಯ ಕಾಲುಗಳು. ಅವು ಕೈಗೆ ಸಿಗಬಾರದು. ಕಾಂಕ್ರೀಟು ಹಸಿ ಇರುವಾಗಲೇ ಕೊಕ್ಕೆಯ ಸುತ್ತ ಕರಣೆಯಿಂದ ಬಟ್ಟಲಿನ ಹಾಗೆ ಕೆರೆದು ತೆಗೆಯಿರಿ. ಕೊಕ್ಕೆಯ ತಲೆ ಬಟ್ಟಲಿನ ಬಾಯಿಗಿಂತ ಮೇಲೆ ಬರಬಾರದು, ಸರಪಳಿಯ ಒಂದು ಎಸಳು ತೂರುವಷ್ಟು ಸಂದು ಸಾಕು. ಹೀಗಿದ್ದರೆ ಬೋಲ್ಟ್ ಕಟ್ಟರಿನ ಬಾಯಿ ಒಳಗೆ ಹೋಗುವುದಿಲ್ಲ. ನಾನು ಮೊದಲು ಮಾಡಿದ ತಪ್ಪು ಏನೆಂದರೆ ಬಟ್ಟಲಿನಿಂದ ನೀರು ಹೊರಗೆ ಹೋಗಲು ದಾರಿ ಇಡದ್ದು. ಆಷಾಢ ಮುಗಿಯುವ ಹೊತ್ತಿಗೆ ಕೊಕ್ಕೆಗೆ ತುಕ್ಕು, ನೀರಿನಲ್ಲಿ ಸೊಳ್ಳೆಮರಿ. ಆಮೇಲೆ ಡ್ರಿಲ್ ಹಾಕಿ ತೂತು ಮಾಡಿಸಿದೆ. ನೀವು ಕಾಂಕ್ರೀಟು ಸುರಿಯುವಾಗಲೇ ಬಟ್ಟಲಿನ ತಳದಿಂದ ಹೊರಕ್ಕೆ ಇಳಿಜಾರಾಗಿ ಅರ್ಧ ಇಂಚಿನ ಪಿವಿಸಿ ಪೈಪು ಇಟ್ಟುಬಿಡಿ.

ಏಳು ದಿನ ಒದ್ದೆ ಗೋಣಿ ಹಾಸಿ ನೀರು ಚಿಮುಕಿಸಿ. ಪೂರ್ತಿ ಗಟ್ಟಿಯಾಗಲು 28 ದಿನ. ಅಷ್ಟರವರೆಗೆ ಅದಕ್ಕೆ ಕಟ್ಟಿ ಎಳೆದು ಪರೀಕ್ಷೆ ಮಾಡಬೇಡಿ, ಆಸೆ ಆಗುತ್ತದೆ. ಈ ಕೆಲಸ ಏಪ್ರಿಲ್–ಮೇ ಒಳಗೆ ಮುಗಿಸಿದರೆ ಒಳ್ಳೆಯದು.

ಸರಪಳಿ ಮತ್ತು ಅರದ ಪರೀಕ್ಷೆ

ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ತೂಗಿ ಕೊಡುವ ಬೆಳ್ಳಗಿನ ಸರಪಳಿ ದನ ಕಟ್ಟಲು, ಗೇಟಿಗೆ ಹಾಕಲು ಸರಿ. 6 ಎಂಎಂನದ್ದನ್ನು ಎರಡಡಿಯ ಬೋಲ್ಟ್ ಕಟ್ಟರ್ ಬೆಂಡೆಕಾಯಿ ಹಾಗೆ ಕತ್ತರಿಸುತ್ತದೆ. ಬೇಕಾದದ್ದು ಹದ ಹಾಕಿದ ಉಕ್ಕಿನ ಸರಪಳಿ, 10 ಎಂಎಂ ಅಥವಾ ಅದಕ್ಕಿಂತ ದಪ್ಪ. ಬೈಕಿಗೆಂದು ಬಟ್ಟೆಯ ಕವಚದೊಳಗೆ ಬರುವ ದಪ್ಪ ಸರಪಳಿಗಳಲ್ಲಿ ಕೆಲವು ಈ ಜಾತಿಯವು. ಕವಚ ನೋಡಿ ಮೋಸ ಹೋಗಬೇಡಿ, ಸರಿಸಿ ಒಳಗಿನ ಎಸಳು ಅಳೆಯಿರಿ.

ಹದ ಹಾಕಿದೆಯೋ ಇಲ್ಲವೋ ತಿಳಿಯಲು ಒಂದು ಸಣ್ಣ ಅರ ಸಾಕು. ಎಸಳಿನ ಮೇಲೆ ಇಟ್ಟು ಒತ್ತಿ ಉಜ್ಜಿ. ಸಾಮಾನ್ಯ ಕಬ್ಬಿಣವಾದರೆ ಅರ ಕಚ್ಚುತ್ತದೆ, ಹೊಳೆಯುವ ಪುಡಿ ಬೀಳುತ್ತದೆ. ಹದ ಹಾಕಿದ್ದಾದರೆ ಗಾಜಿನ ಮೇಲೆ ಉಜ್ಜಿದ ಹಾಗೆ ಜಾರುತ್ತದೆ. ಅಂಗಡಿಯವರು ಮುಖ ಸಿಂಡರಿಸಿದರೂ ತೊಂದರೆ ಇಲ್ಲ. ನನಗೆ ಒಬ್ಬರು "ಇದು ಒರಿಜಿನಲ್ ಸಾರ್" ಎಂದು ಕೊಟ್ಟದ್ದು ಮೂರನೇ ಉಜ್ಜಿಗೇ ಪುಡಿ ಬಿಟ್ಟಿತು.

ಉದ್ದ ಕಡಿಮೆ ಇದ್ದಷ್ಟು ಒಳ್ಳೆಯದು. ಸರಪಳಿ ನೆಲದ ಮೇಲೆ ಹರಡಿಕೊಂಡಿದ್ದರೆ ಕಳ್ಳನಿಗೆ ಎರಡು ಅನುಕೂಲ. ಬೋಲ್ಟ್ ಕಟ್ಟರಿನ ಒಂದು ಹಿಡಿಯನ್ನು ನೆಲಕ್ಕೆ ಊರಿ ಇನ್ನೊಂದರ ಮೇಲೆ ಮೈಭಾರ ಹಾಕಬಹುದು. ಇಲ್ಲವೇ ಎಸಳನ್ನು ಕಲ್ಲಿನ ಮೇಲಿಟ್ಟು ಉಳಿ ಸುತ್ತಿಗೆಯಿಂದ ಹೊಡೆಯಬಹುದು. ನೆಲ ಮುಟ್ಟದ ಹಾಗೆ ಗಿಡ್ಡ ಮಾಡಿ. ಆದರೆ ಬಿಗಿದು ಕಟ್ಟಬೇಡಿ. ಓಡುವಾಗ ಜನರೇಟರ್ ನಡುಗುತ್ತದೆ, ಎರಡು ಬೆರಳಿನಷ್ಟು ಸಡಿಲ ಇರಲಿ.

ಬ್ಯಾಟರಿಯ ಗ್ರೈಂಡರ್ ತಂದರೆ ಯಾವ ಸರಪಳಿಯೂ ನಿಲ್ಲುವುದಿಲ್ಲ. ಆದರೆ ಅದರ ಕಿರುಚು ಆಚೆ ಗುಡ್ಡೆಯ ಮನೆಗೂ ಕೇಳುತ್ತದೆ, ಕಿಡಿ ದೂರಕ್ಕೆ ಕಾಣುತ್ತದೆ, ಪಕ್ಕದಲ್ಲಿ ಪೆಟ್ರೋಲ್ ಟ್ಯಾಂಕು ಬೇರೆ.

ಬೀಗ

ಉದ್ದ ಕೊಕ್ಕೆಯ ಬೀಗ ಬೇಡ. ಶಟರಿಗೆ ಹಾಕುವ ದುಂಡು ಬೀಗದಲ್ಲಿ ಕೊಕ್ಕೆ ಮೈಯೊಳಗೆ ಮರೆಯಾಗಿರುತ್ತದೆ, ಕಟ್ಟರಿಗೆ ಹಿಡಿಯಲು ಏನೂ ಸಿಗುವುದಿಲ್ಲ. ದಪ್ಪ ಸರಪಳಿಗೆ ಅದು ಹೊಂದುತ್ತದೋ ಇಲ್ಲವೋ ಎಂದು ಅಂಗಡಿಯಲ್ಲೇ ಹಾಕಿ ನೋಡಿ. ನಾನು ಹಾಗೆ ಮಾಡದೆ ಎರಡು ಸಲ ಬದಿಯಡ್ಕಕ್ಕೆ ಓಡಿದೆ.

ನಮ್ಮ ಮಳೆಗೆ ಹಿತ್ತಾಳೆ ಮೈ ಅಥವಾ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಕೀಲಿ ತೂತು ಕೆಳಗೆ ಬರುವ ಹಾಗೆ ಹಾಕಿ, ಮೇಲೆ ಹಳೆಯ ಟ್ಯೂಬಿನ ಒಂದು ತುಂಡು ಕೊಡೆಯ ಹಾಗೆ ಇಳಿಬಿಡಿ. ಬೀಗ ಬಿಗಿಯಾಯಿತು ಎಂದು ತೆಂಗಿನೆಣ್ಣೆ ಬಿಡುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ. ಎರಡು ದಿನ ಚೆನ್ನಾಗಿರುತ್ತದೆ, ಆಮೇಲೆ ಧೂಳು ಹಿಡಿದು ಅಂಟಾಗುತ್ತದೆ. ಪೆನ್ಸಿಲ್ ಕಡ್ಡಿಯ ಪುಡಿ ಕೀಲಿಗೆ ಸವರಿ ನಾಲ್ಕು ಸಲ ತಿರುಗಿಸಿ, ಸಾಕು.

ಜನರೇಟರಿನ ಮೈ

ನನ್ನ ಜನರೇಟರ್ ಹೋದದ್ದು ಇಲ್ಲಿಂದ, ಹಾಗಾಗಿ ಇಲ್ಲಿ ನನಗೆ ಹೆಚ್ಚು ಹಟ.

ಒಂದು ಟಾರ್ಚ್ ಹಿಡಿದು ಜನರೇಟರಿನ ಸುತ್ತ ಕುಕ್ಕರಗಾಲಲ್ಲಿ ಕೂತು ನೋಡಿ. ಚೌಕಟ್ಟಿನಲ್ಲಿ ವೆಲ್ಡ್ ಆದ ಮೂಲೆ ಯಾವುದು, ನಟ್ಟಿನ ಮೇಲೆ ನಿಂತ ಪೈಪು ಯಾವುದು? ಸರಪಳಿ ಹೋಗಬೇಕಾದ್ದು ವೆಲ್ಡ್ ಆದ ಪೂರ್ತಿ ಸುತ್ತಿನ ಒಳಗಿಂದ. ಆಮೇಲೆ ಇನ್ನೂ ಒಂದು ಪ್ರಶ್ನೆ ಇದೆ. ಇಂಜಿನ್ ಈ ಚೌಕಟ್ಟಿಗೆ ಯಾವುದರಿಂದ ಹಿಡಿದಿದೆ? ಸಾಮಾನ್ಯವಾಗಿ ರಬ್ಬರ್ ಬುಶ್ ಮೇಲೆ ನಾಲ್ಕು ಬೋಲ್ಟ್. ಅವನ್ನು ಬಿಚ್ಚಿದರೆ ಚೌಕಟ್ಟು ನಿಮಗೆ, ಇಂಜಿನ್ ಅವನಿಗೆ. ಆದ್ದರಿಂದ ಸಾಧ್ಯವಾದರೆ ಸರಪಳಿಯನ್ನು ಚೌಕಟ್ಟಿನ ಜೊತೆ ಇಂಜಿನಿನ ಅಡಿಯಿಂದಲೂ ಹಾಯಿಸಿ. ಹೊಗೆ ಕೊಳವೆ, ಪೆಟ್ರೋಲ್ ಪೈಪು, ಎಳೆಯುವ ಹಗ್ಗ, ಇವುಗಳಿಗೆ ತಾಗಬಾರದು.

ಹಾಯಿಸಲು ಜಾಗ ಇಲ್ಲದಿದ್ದರೆ ಬೋಲ್ಟುಗಳನ್ನೇ ಕಷ್ಟ ಮಾಡಿ. ಅಲೆನ್ ಕೀ ಬೋಲ್ಟ್ ಹಾಕಿ, ತಲೆಯ ಕುಳಿಯಲ್ಲಿ ಸೈಕಲ್ಲಿನ ಒಂದು ಬಾಲ್ಸ್ (ಬೇರಿಂಗಿನ ಉಕ್ಕಿನ ಗುಂಡು) ಬಡಿದು ಕೂರಿಸಿ, ಮೇಲೆ ಎಂ-ಸೀಲ್ ತುಂಬಿ. ಎರಡು ಬೋಲ್ಟಿಗೆ ಹೀಗೆ ಮಾಡಿದರೂ ಸಾಕು. ಮುಂದೆ ರಿಪೇರಿಗೆ ನಿಮ್ಮ ಮೆಕ್ಯಾನಿಕ್ ಬೈಯುತ್ತಾನೆ, ಬೈಯಲಿ. ನಟ್ಟಿಗೆ ಅಲ್ಲೇ ವೆಲ್ಡಿಂಗ್ ಹೊಡೆಸುವ ಯೋಚನೆ ಮಾತ್ರ ಬಿಡಿ. ಪೆಟ್ರೋಲ್ ಟ್ಯಾಂಕಿನ ಹತ್ತಿರ ಕಿಡಿ ಹಾರಿದರೆ ಅಪಾಯ, ಒಳಗಿನ ಎಲೆಕ್ಟ್ರಾನಿಕ್ಸೂ ಸುಡಬಹುದು.

ಗೂಡು ಬೇಕಾ?

ದುಡ್ಡಿದ್ದರೆ ಮಾಡಿಸಿ, ಮಳೆಗೂ ಆಯಿತು. ಆದರೆ ಬುಡವೇ ಇಲ್ಲದೆ ಗೂಡು ಮಾಡಿಸುವವರೂ ಇದ್ದಾರೆ. ನಾಲ್ಕು ಜನ ಬಂದರೆ ಗೂಡಿನ ಸಮೇತ ಎತ್ತಿಕೊಂಡು ಹೋಗುತ್ತಾರೆ. ಗೂಡಿನ ಕಾಲು ಕಾಂಕ್ರೀಟಿನೊಳಗೆ ಇರಬೇಕು. ಬದಿಗಳಿಗೆ ಸರಳು ಮಾತ್ರ, ತಗಡು ಬೇಡ, ಗಾಳಿ ಆಡಬೇಕು. ಮಾಡಿಗೆ ಶೀಟ್ ಇರಲಿ, ಇಂಜಿನಿನ ಬಿಸಿ ನಿಲ್ಲದಷ್ಟು ಎತ್ತರದಲ್ಲಿ. ಓಡುವಾಗ ಟಾರ್ಪಾಲು ಹೊದೆಸಬೇಡಿ. ಬಾಗಿಲಿನ ಹಿಂಜಿನ ಪಿನ್ನಿಗೆ ಎರಡೂ ತುದಿಯಲ್ಲಿ ವೆಲ್ಡಿಂಗ್ ಹೊಡೆಸಿ. ಬೀಗದ ಕಡೆ ಎಷ್ಟು ಗಟ್ಟಿ ಮಾಡಿದರೂ ಪಿನ್ ಮೇಲಕ್ಕೆ ತಟ್ಟಿದರೆ ಬಾಗಿಲು ಇನ್ನೊಂದು ಕಡೆಯಿಂದ ತೆರೆಯುತ್ತದೆ.

ಬೆಳಕು, ಸದ್ದು, ಟ್ರ್ಯಾಕರ್

ಸೋಲಾರ್ ಸೆನ್ಸರ್ ಲೈಟು ಅಗ್ಗ, ಕೆಲಸ ಮಾಡುತ್ತದೆ. ಜುಲೈಯಲ್ಲಿ ಬಿಸಿಲು ಕಾಣದೆ ವಾರವಾದರೆ ಮಂಕಾಗುತ್ತದೆ. ಅಲುಗಾಡಿದರೆ ಕೂಗುವ ಬೀಗ ಹಾಕಿದರೆ ಸಿಡಿಲು ಬಡಿದಾಗಲೂ ಕೂಗಬಹುದು. ಒಂದು ವಾರದಲ್ಲಿ ಮನೆಯವರೇ ಸೆಲ್ ತೆಗೆದಿಡುತ್ತಾರೆ. ಸಿಮ್ ಹಾಕುವ ಜಿಪಿಎಸ್ ಟ್ರ್ಯಾಕರ್ ತರುವ ಮೊದಲು ನಿಮ್ಮ ಅಂಗಳದಲ್ಲಿ ಯಾವ ಕಂಪನಿಯ ನೆಟ್‌ವರ್ಕ್ ಸಿಗುತ್ತದೆ ನೋಡಿ, ಎಣ್ಮಕಜೆ ಕಡೆಯ ಗುಂಡಿಗಳಲ್ಲಿ ಫೋನ್ ಹಿಡಿದುಕೊಂಡು ಗುಡ್ಡೆ ಹತ್ತಬೇಕು. ಊರಿನ ನಾಯಿ ಇದ್ದರೆ ಅದರ ಮಲಗುವ ಜಾಗ ಜನರೇಟರಿನ ಹತ್ತಿರಕ್ಕೆ ತನ್ನಿ. ಅಂಗಳದಲ್ಲಿ ಹರಗಿದ ಅಡಿಕೆಗೆ ಕಾವಲು ಕೂರುವುದು ಅದಕ್ಕೆ ಹೇಗೂ ಗೊತ್ತು.

ಮನೆಗೆ ಬೀಗ ಹಾಕಿ ನಾಲ್ಕು ದಿನ ಹೋಗುವುದಿದ್ದರೆ ಕೇರಳ ಪೊಲೀಸರ ಪೋಲ್-ಆಪ್‌ನಲ್ಲಿ ಆ ವಿವರ ಕೊಡಬಹುದು. ನೆರೆಮನೆಯವರಿಗೆ ಹೇಳುವುದು ಅದಕ್ಕಿಂತ ಮೊದಲು.

ಬಯಲಾಟ, ಕೋಲಗಳಿಗೆ ಒಯ್ಯುವಾಗ

ದೀಪಾವಳಿ ಕಳೆದು ಮೇ ಕೊನೆಯಲ್ಲಿ ಬರುವ ಪತ್ತನಾಜೆವರೆಗೆ, ಅಂದರೆ ಆಟ, ಕೋಲಗಳು ಮುಗಿಯುವ ದಿನದವರೆಗೆ, ನಮ್ಮಲ್ಲಿ ಗದ್ದೆ ಗದ್ದೆಯಲ್ಲೂ ಜನರೇಟರ್. ಚೆಂಡೆ ಏರಿದಾಗ ಗ್ರೈಂಡರ್ ಹಿಡಿದರೂ ಯಾರಿಗೂ ಕೇಳುವುದಿಲ್ಲ. ನೆಲಕ್ಕೆ ತಿರುಗಿಸಿ ಇಳಿಸುವ ಆಂಕರ್ ನಮ್ಮ ಮುರಕಲ್ಲಿಗೆ ಇಳಿಯುವುದಿಲ್ಲ, ಗದ್ದೆಯ ಕೆಸರಿನಲ್ಲಿ ನಿಲ್ಲುವುದಿಲ್ಲ. ತಂದ ಪಿಕಪ್ಪಿನ ಚಾಸಿಗೇ ಸರಪಳಿ ಹಾಕಿ, ಹೊಗೆ ಕೊಳವೆ ವಾಹನದಿಂದ ಆಚೆಗೆ ತಿರುಗಿಸಿ. ವಾಹನ ಹೊರಡಿಸುವ ಮುಂಚೆ ಬಿಚ್ಚಲು ನೆನಪಿರಲಿ ಎಂದು ಸ್ಟಿಯರಿಂಗಿಗೆ ಒಂದು ಬಟ್ಟೆ ಕಟ್ಟಿ.

ಗುರುತು, ಕಾಗದ, ಗಡಿ

ಇಂಜಿನಿನ ಮೇಲೆ ಕೊರೆದ ನಂಬರ್ ಇರುತ್ತದೆ. ಎಣ್ಣೆ ಒರೆಸಿ, ಫೋಟೋ ತೆಗೆದು, ಬಿಲ್ಲಿನ ಫೋಟೋ ಜೊತೆ ಮಗನಿಗೋ ಮಗಳಿಗೋ ಕಳಿಸಿಡಿ. ಫೋನ್ ಹೋದರೂ ಅಲ್ಲಿ ಇರುತ್ತದೆ. ನಂಬರ್ ಪಂಚಿನಿಂದ ನಿಮ್ಮ ಮನೆ ನಂಬರನ್ನು ಚೌಕಟ್ಟಿನಲ್ಲಿ ಎರಡು ಕಡೆ ಹೊಡೆಯಿರಿ, ಒಂದು ಕಾಣುವಲ್ಲಿ, ಒಂದು ಅಡಿಯಲ್ಲಿ. ನಾನು ಚೌಕಟ್ಟಿಗೆ ಗಿಳಿಹಸಿರು ಬಣ್ಣ ಬಳಿದಿದ್ದೇನೆ. ನೋಡಲು ಅಸಹ್ಯ, ಮಾರಲು ಇನ್ನೂ ಕಷ್ಟ. ಮನೆಗೆ ವಿಮೆ ಇದ್ದರೆ ಅಂಗಳದಲ್ಲಿಟ್ಟ ವಸ್ತು ಅದರಲ್ಲಿ ಸೇರುತ್ತದಾ ಎಂದು ಬರಹದಲ್ಲೇ ಕೇಳಿ. ಬಾಗಿಲು ಮುರಿದ ಗುರುತು ಇಲ್ಲದಿದ್ದರೆ ಸಾಮಾನ್ಯವಾಗಿ ತಕರಾರು.

ಹೋಗಿದೆ ಎಂದು ಗೊತ್ತಾದ ಕೂಡಲೇ ಉಳಿದ ನಟ್ಟು, ಸರಪಳಿ ಮುಟ್ಟಬೇಡಿ, ಬೆರಳ ಗುರುತು ಇರಬಹುದು. 112ಕ್ಕೆ ಫೋನ್ ಮಾಡಿ. ನಮ್ಮ ಕಡೆಯ ಒಂದು ವಿಶೇಷ ತೊಂದರೆ ಗಡಿ. ತಲಪಾಡಿ, ಸಾರಡ್ಕ, ಪಾಣಾಜೆ, ಜಾಲ್ಸೂರು, ಯಾವ ದಾರಿ ಹಿಡಿದರೂ ವಸ್ತು ಬೇಗ ಕರ್ನಾಟಕದಲ್ಲಿರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಕಳ್ಳತನ ಎಲ್ಲೇ ಆಗಿರಲಿ, ಯಾವ ಠಾಣೆಯಲ್ಲೂ ದೂರು ಕೊಡಬಹುದು. ಇದು ನಮ್ಮ ವ್ಯಾಪ್ತಿಯದ್ದಲ್ಲ ಎಂದು ಕಳಿಸಿಬಿಡುವ ಹಾಗಿಲ್ಲ. ಎಫ್‌ಐಆರ್ ಪ್ರತಿ ನಿಮಗೆ ಉಚಿತ, ಕೇಳಿ ಪಡೆಯಿರಿ. ನಿಮ್ಮ ಠಾಣೆಯಲ್ಲಿ ಕೊಟ್ಟ ಮೇಲೆ ಗಡಿಯ ಆಚೆಯ ಹತ್ತಿರದ ಠಾಣೆಗೂ ನಂಬರು, ಫೋಟೋ ತಲುಪಿಸಿ.

ಮಲಯಾಳ ಬರೆಯಲು ಬರುವುದಿಲ್ಲ ಎಂದು ಹಿಂಜರಿಯಬೇಡಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲೇ ಇದೆ. ದೂರನ್ನು ಕನ್ನಡದಲ್ಲೇ ಬರೆಯಿರಿ. ಇಂಜಿನ್ ನಂಬರ್ ಮಾತ್ರ ಇಂಗ್ಲಿಷ್ ಅಕ್ಷರ, ಅಂಕಿಗಳಲ್ಲಿ, ಬಿಡಿಸಿ ಬಿಡಿಸಿ ಬರೆಯಿರಿ.

ಸಿಕ್ಕಿದರೂ ಅದನ್ನು ಕೋರ್ಟಿನ ಮೂಲಕ ಬಿಡಿಸಿಕೊಳ್ಳಬೇಕು, ಆಗ ನಿಮ್ಮದೇ ಎಂದು ತೋರಿಸಲು ಬಿಲ್ಲು ಮತ್ತು ನಂಬರ್ ಬೇಕು. ನನ್ನದರ ಬಿಲ್ಲು ಎಲ್ಲೋ ಗೆದ್ದಲಿಗೆ ಹೋಗಿತ್ತು, ನಂಬರ್ ನಾನು ನೋಡಿಯೇ ಇರಲಿಲ್ಲ. ಆ ಬಾಗಿದ ಪೈಪು ಮಾತ್ರ ಇನ್ನೂ ಇದೆ. ಕೊಟ್ಟಿಗೆಯ ಅಡ್ಡಕ್ಕೆ ಸಿಕ್ಕಿಸಿ ಬಾಳೆಗೊನೆ ತೂಗು ಹಾಕುತ್ತೇವೆ.